ಬೈಕ್ ಸವಾರ ಮತ್ತು ಆರೈಕೆ ಮಾಡುವವಳ ಪ್ರೇಮಕಥೆ: ತಾಯಿಯನ್ನು ಸಾಯಿಸದೆ ಮುಗಿಸುವುದು ಹೇಗೆ?

ಪ್ರಶ್ನೆ

ನಾನು ಎರಡು ವರ್ಷಗಳಿಂದ ಒಂದು ಪ್ರೇಮಕಾದಂಬರಿಯನ್ನು ಬರೆಯುತ್ತಿದ್ದೇನೆ. ಕಥೆ ಈ ಕಾಲದ್ದು. ನಾಯಕ ಒಬ್ಬನೇ ಬೈಕಿನಲ್ಲಿ ದೂರದ ಹಾದಿಗಳನ್ನು ಸುತ್ತುವವನು. ನಾಯಕಿ, ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದಿರುವ ತಾಯಿಯನ್ನು ನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿರುವವಳು. ಪರಿಚಯ, ಮನಸ್ತಾಪ, ಒಲವು ಮೂಡುವ ಅಧ್ಯಾಯಗಳೆಲ್ಲ ಸರಾಗವಾಗಿ ಬಂದವು. ತೊಡಕು ಇರುವುದು ಕೊನೆಯ ಭಾಗದಲ್ಲಿ. ಅವಳು ಅವನೊಡನೆ ಹೊರಡಬೇಕೆಂದರೆ ತಾಯಿಯ ಹೊಣೆ ಕಳೆಯಬೇಕು; ಹಾಗಾಗಿ ನಾನು ಮೊದಲ ಕರಡಿನಲ್ಲಿ ತಾಯಿಯನ್ನು ಸಾಯಿಸಿದೆ. ಬರೆದು ಮುಗಿಸಿದ ರಾತ್ರಿ ನನಗೇ ಹೇಸಿಗೆಯಾಯಿತು, ಏಕೆಂದರೆ ಆ ಸಾವು ಸಾವಿನಂತೆ ಕಾಣದೆ ದಾರಿಗೆ ಅಡ್ಡಬಿದ್ದ ಮರವನ್ನು ಎಳೆದು ಹಾಕಿದಂತೆ ಕಾಣುತ್ತಿತ್ತು. ಹಸ್ತಪ್ರತಿಯನ್ನು ಓದಿದ ಗೆಳತಿಯೊಬ್ಬರು, ನಾಯಕನು ನಾಯಕಿಯನ್ನು ಪ್ರೀತಿಸುವುದಕ್ಕಿಂತ ಹೆಚ್ಚಾಗಿ ಉದ್ಧಾರ ಮಾಡಲು ಬಂದವನಂತಿದ್ದಾನೆ ಎಂದೂ ಹೇಳಿದರು. ತಾಯಿ ಬದುಕಿರುವಾಗಲೇ ಇವರ ಪ್ರೀತಿ ನೆಲೆಗೊಳ್ಳುವಂತೆ ಬರೆಯುವುದು ಹೇಗೆ? ಆರೈಕೆ ಮಾಡಿದ ಅನುಭವವಿರುವವರು ಮತ್ತು ಬೈಕ್ ಓಡಿಸುವವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನನ್ನ ತಂದೆಯವರನ್ನು ನಾನು ಆರು ವರ್ಷ ನೋಡಿಕೊಂಡೆ. ನಿಮ್ಮ ಪ್ರಶ್ನೆಯನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆರೈಕೆಯನ್ನು ಕಥೆಗಾರರು ಸಾಮಾನ್ಯವಾಗಿ ತ್ಯಾಗವೆಂದು ಬರೆಯುತ್ತಾರೆ. ನಮಗೆ ಅದು ಮೊದಲಿಗೆ ಒಂದು ವೇಳಾಪಟ್ಟಿ. ತಾನಾಗಿ ಮಗ್ಗುಲು ಬದಲಿಸಲಾಗದವರನ್ನು ಹೆಚ್ಚುಕಡಿಮೆ ಎರಡು ಗಂಟೆಗೊಮ್ಮೆ ಹೊರಳಿಸಬೇಕು, ರಾತ್ರಿಯೂ ಕೂಡ. ಗಾಳಿ ಹಾಸಿಗೆ ಇದ್ದರೂ ಹೊರಳಿಸುವುದು ತಪ್ಪುವುದಿಲ್ಲ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡಬೇಕು. ಸೊಂಟದ ಹಿಂದೆ, ಮೂಳೆ ಒತ್ತುವಲ್ಲಿ, ಚರ್ಮ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ನೋಡುತ್ತೇವೆ: ಒತ್ತಿದಾಗ ಬಿಳಿಚಿಕೊಂಡು ಬೆರಳು ತೆಗೆದಾಗ ಮತ್ತೆ ಕೆಂಪಾದರೆ ಜೀವ ತುಸು ನಿರಾಳ, ಒತ್ತಿದರೂ ಕೆಂಪು ಹಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಕಪ್ಪು ಚರ್ಮದಲ್ಲಿ ಈ ಬಣ್ಣ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಅಂಗೈಯಿಂದ ಮುಟ್ಟಿ ಆ ಜಾಗದ ಬಿಸಿಯನ್ನು ನೋಡಬೇಕಾಗುತ್ತದೆ. ನಿಮ್ಮ ನಾಯಕಿಯ ಕೈಗಳಿಗೆ ಇದೆಲ್ಲ ಗೊತ್ತಿರಬೇಕು. ಅವನ ಕೈ ಹಿಡಿಯುವಾಗಲೂ ಅವಳು ಹಾಗೆಯೇ ಗಮನವಿಟ್ಟು ಹಿಡಿಯುತ್ತಾಳೆ.

ಇನ್ನೊಂದು ಮಾತು. ಆ ಆರು ವರ್ಷಗಳಲ್ಲಿ ನನಗೆ ಎಲ್ಲಿಗೋ ಓಡಿಹೋಗಬೇಕು ಅನ್ನಿಸಿದ್ದು ಅಪರೂಪ. ನಡುವೆ ಏಳದೆ ಒಂದೇ ಸಮನೆ ಐದು ಗಂಟೆ ಮಲಗಬೇಕು ಅನ್ನಿಸದ ದಿನ ಒಂದೂ ಇರಲಿಲ್ಲ. ನಾಯಕ ಒಂದು ರಾತ್ರಿ ತಾಯಿಯ ಪಕ್ಕದಲ್ಲಿ ಎಚ್ಚರವಾಗಿ ಕುಳಿತು ಅವಳನ್ನು ನಿದ್ದೆ ಮಾಡಲು ಬಿಟ್ಟರೆ, ನನ್ನಂಥ ಓದುಗರಿಗೆ ಯಾವ ಮುತ್ತಿನ ಪ್ರಸಂಗವೂ ಅದಕ್ಕೆ ಸಾಟಿಯಾಗುವುದಿಲ್ಲ.

ಎರಡನೆಯ ಉತ್ತರ

ನಾನು ಹದಿನೈದು ವರ್ಷಗಳಿಂದ ಬೈಕಿನಲ್ಲಿ ದೂರ ಪ್ರಯಾಣ ಮಾಡುತ್ತಿದ್ದೇನೆ. ಮೇಲಿನವರು ಹೇಳಿದ ಎರಡು ಗಂಟೆಯನ್ನು ಓದಿದ ಕೂಡಲೇ ನಿಮ್ಮ ಕಾದಂಬರಿಗೆ ಭೂಪಟವೇ ಸಿಕ್ಕಿತು ಎನ್ನಿಸಿತು. ಪಕ್ಕದಲ್ಲಿ ಕುಳಿತಿರಲು ಯಾರಾದರೂ ಸಿಕ್ಕಿದರೂ ಹೊರಳಿಸುವ ಹೊತ್ತಿಗೆ ಅವಳು ಮನೆಯಲ್ಲಿರಬೇಕು. ಅಂದರೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಸಾಮಾನ್ಯ ರಸ್ತೆಯಲ್ಲಿ ಸರಾಸರಿ 50 ಕಿಲೋಮೀಟರ್ ವೇಗ ಸಿಕ್ಕಿ, ನಡುವೆ ಹತ್ತು ನಿಮಿಷ ನಿಂತರೆ, ಮನೆಯಿಂದ 46 ಕಿಲೋಮೀಟರ್ ಕೂಡ ದಾಟಲಾಗದು. ದಿನಕ್ಕೆ 500 ಕಿಲೋಮೀಟರ್ ಓಡಿಸಿ ಅಭ್ಯಾಸವಿರುವವನು ಆ ವೃತ್ತದೊಳಗಿನ ಪ್ರತಿ ತಿರುವನ್ನೂ ಮತ್ತೆ ಮತ್ತೆ ಓಡಿಸಿ ಬೇಸರಪಡದಿರುವುದನ್ನು ಕಲಿಯಬೇಕು. ಅವನು ಬದಲಾಗುವುದನ್ನು ಇಲ್ಲಿಯೇ ತೋರಿಸಬಹುದು, ಭಾಷಣ ಬೇಕಾಗುವುದಿಲ್ಲ.

ಹಿಂದೆ ಕೂರುವವರ ವಿಷಯವನ್ನೂ ಹೇಳುತ್ತೇನೆ, ಏಕೆಂದರೆ ಕಥೆಗಳಲ್ಲಿ ಇದನ್ನು ಸೊಂಟ ತಬ್ಬುವುದಕ್ಕೆ ಇಳಿಸಿಬಿಡುತ್ತಾರೆ. ಹೊಸಬರು ತಿರುವಿನಲ್ಲಿ ಬೈಕ್ ವಾಲಿದಾಗ ಹೆದರಿ ಎದುರು ದಿಕ್ಕಿಗೆ ಮೈ ಎಳೆದುಕೊಳ್ಳುತ್ತಾರೆ. ಸವಾರನಿಗೆ ಅದು ಹ್ಯಾಂಡಲ್‌ನಲ್ಲಿ ತಕ್ಷಣ ಗೊತ್ತಾಗುತ್ತದೆ. ತಿರುವು ಯಾವ ಕಡೆಗೋ ಆ ಕಡೆಯ ಸವಾರನ ಭುಜದ ಮೇಲಿಂದ ರಸ್ತೆಯನ್ನು ನೋಡು ಎಂದು ಹೇಳಿಕೊಟ್ಟರೆ ಮೈ ತಾನಾಗಿ ಬೈಕಿನೊಂದಿಗೆ ವಾಲುತ್ತದೆ. ಆದರೆ ನಿಮ್ಮ ನಾಯಕಿ ಹೊಸಬಳಂತೆ ನಡೆದುಕೊಳ್ಳಲಾರಳು ಎಂದು ನನ್ನ ಊಹೆ. ಇನ್ನೊಂದು ದೇಹದ ಭಾರ ಎಲ್ಲಿಗೆ ಜಾರುತ್ತಿದೆ ಎಂಬುದನ್ನು ನಾಲ್ಕು ವರ್ಷಗಳಿಂದ ತಿಳಿದವಳು ಅವಳು. ಮೊದಲ ತಿರುವಿನಲ್ಲಿಯೇ ಅವಳು ಸರಿಯಾಗಿ ವಾಲಿದರೆ, ಆಶ್ಚರ್ಯಪಡುವ ಸರದಿ ಅವನದು.

ಒಂದು ಸಣ್ಣ ಸೂಚನೆ: ಮನೆ ಮುಂದೆ ಎಂಜಿನ್ ಆರಿಸಿದ ಮೇಲೆ ಲೋಹ ತಣ್ಣಗಾಗುತ್ತ ಟಿಕ್ ಟಿಕ್ ಎನ್ನುವ ಸದ್ದು ಕೆಲವು ನಿಮಿಷ ಕೇಳಿಸುತ್ತಿರುತ್ತದೆ. ಬೀಳ್ಕೊಡುಗೆಯ ಮಾತುಗಳನ್ನು ಆ ಸದ್ದು ನಿಲ್ಲುವಷ್ಟು ಹೊತ್ತಿನೊಳಗೆ ಬರೆಯಿರಿ.

ಮೂರನೆಯ ಉತ್ತರ

ಮೇಲಿನ ಇಬ್ಬರ ಮಾತುಗಳನ್ನೂ ಗೌರವಿಸುತ್ತೇನೆ, ಆದರೆ ಪ್ರೇಮಕಾದಂಬರಿಗಳನ್ನು ಮನಸಾರೆ ಓದುವವಳಾಗಿ ನನ್ನದೊಂದು ಆಕ್ಷೇಪವಿದೆ. ಈ ಪ್ರಕಾರಕ್ಕೆ ಎರಡೇ ಕಟ್ಟುಪಾಡುಗಳು: ಪ್ರೇಮವೇ ಕಥೆಯ ನಡುಮನೆಯಲ್ಲಿರಬೇಕು, ಅಂತ್ಯದಲ್ಲಿ ಭರವಸೆಯಿರಬೇಕು. ಹೊರಳಿಸುವುದು, ಹುಣ್ಣು, ಔಷಧಿಗಳ ವಿವರ ಪುಟ ಪುಟಕ್ಕೂ ಬಂದರೆ ನಾನು ಪುಸ್ತಕವನ್ನು ಮುಚ್ಚಿಡುತ್ತೇನೆ. ಒಂದು ಸಲ ಪೂರ್ಣವಾಗಿ ತೋರಿಸಿ, ಆಮೇಲೆ ಗಡಿಯಾರದ ಕಡೆಗೆ ಅವಳು ನೋಡುವ ಒಂದು ನೋಟ ಸಾಕು. ನನಗೆ ಗಾಳಿಯೂ ಬೇಕು, ಮೈ ಬಿಸಿಯಾಗುವ ಪುಟಗಳೂ ಬೇಕು. ಆರೈಕೆ ಮಾಡುವವಳಿಗೂ ಬಯಕೆ ಇರುತ್ತದೆ, ಅದಕ್ಕಾಗಿ ಅವಳು ನಾಚಬೇಕಾಗಿಲ್ಲ.

ನಿಮ್ಮ ನಿಜವಾದ ತೊಡಕು ತಾಯಿ ಬದುಕಿರುವುದಲ್ಲ, ತಾಯಿಗೆ ಮಾತಿಲ್ಲದಿರುವುದು ಎಂದು ನನಗೆ ತೋರುತ್ತದೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಅನೇಕರ ಮಾತು ಕುಗ್ಗುತ್ತದೆ, ಆದರೆ ಎದುರಿನವರ ಮಾತು ತಿಳಿಯುವ ಶಕ್ತಿ ಎಷ್ಟೋ ಜನರಲ್ಲಿ ಉಳಿದಿರುತ್ತದೆ; ಎರಡು ಪದ ಜೋಡಿಸಲಾಗದ ಕೆಲವರು ಹಳೆಯ ಹಾಡಿನ ಸಾಲನ್ನು ಪೂರ್ತಿ ಹಾಡುತ್ತಾರೆ. ನನ್ನ ದೊಡ್ಡಮ್ಮ ಹಾಗೆಯೇ ಇದ್ದರು. ನಿಮ್ಮ ಕಥೆಯ ತಾಯಿಗೆ ಇಷ್ಟಾನಿಷ್ಟ ಕೊಡಿ. ಮಗಳಿಗಿಂತ ಮೊದಲು ಬೈಕಿನ ಸದ್ದನ್ನು ಅವರೇ ಗುರುತಿಸಲಿ. ಅವನು ತುತ್ತು ಕೊಡಲು ಬಂದರೆ ಬಾಯಿ ಬಿಗಿಹಿಡಿಯಲಿ, ಹದಿನೈದು ದಿನ ಕಳೆದ ಮೇಲೆ ಬಾಯಿ ತೆರೆಯಲಿ. ಒಪ್ಪಿಗೆ ಕೊಡಬಲ್ಲ, ಒಪ್ಪಿಗೆ ಕೊಡದಿರಬಲ್ಲ ತಾಯಿಯನ್ನು ನೀವು ಯಾವ ಕರಡಿನಲ್ಲಿಯೂ ಸಾಯಿಸಲಾರಿರಿ.

ಕೊನೆಯದಾಗಿ ಕೇಳುತ್ತೇನೆ, ಅವಳು ಯಾವಾಗಲೂ ಏಕೆ ಹಿಂದೆಯೇ ಕೂರಬೇಕು?

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಕೊನೆಯ ಆರು ಅಧ್ಯಾಯಗಳನ್ನು ತೆಗೆದುಹಾಕಿ ಹೊಸದಾಗಿ ಆರಂಭಿಸಿದೆ. ಈಗಿನ ಕರಡಿನಲ್ಲಿ ರಾತ್ರಿ ಎರಡು ಗಂಟೆಯ ಒಂದು ದೃಶ್ಯವಿದೆ. ತಾಯಿಯ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆಯ ಎರಡು ಅಂಚುಗಳನ್ನು ಇಬ್ಬರೂ ಎರಡು ಬದಿಗೆ ನಿಂತು ಹಿಡಿದಿದ್ದಾರೆ. ಮೊಣಕಾಲು ಬಗ್ಗಿಸು, ಬೆನ್ನು ಬಗ್ಗಿಸಬೇಡ ಎಂದು ಅವಳು ಹೇಳಿಕೊಡುತ್ತಾಳೆ. ಮೂರು ಎಣಿಸಿ ಒಟ್ಟಿಗೆ ಎತ್ತಿ ಸರಿಸುತ್ತಾರೆ. ತಾಯಿ ಅವನನ್ನು ದಿಟ್ಟಿಸಿ ನೋಡಿ ಒಂದು ಹಾಡಿನ ಅರ್ಧ ಸಾಲು ಹಾಡುತ್ತಾರೆ, ಉಳಿದರ್ಧ ಅವನಿಗೆ ಗೊತ್ತಿಲ್ಲ.

ಬೈಕ್ ಕಲಿಯುವ ಅಧ್ಯಾಯವನ್ನು ಇಂದು ಸಂಜೆ ಬರೆಯಲಿದ್ದೇನೆ. ಅವಳು ಮುಂದೆ ಕೂರುತ್ತಾಳೆ, ಅವನು ಹಿಂದೆ. ಮೊದಲ ತಿರುವಿನಲ್ಲಿ ಹೆದರಿ ಎದುರು ದಿಕ್ಕಿಗೆ ವಾಲುವವನು ಅವನೇ.