ಅಡಿಕೆಯ ಕೊಳೆರೋಗ ತರುವುದನ್ನು ‘ಶಿಲೀಂಧ್ರ’ ಎನ್ನಬಹುದೇ? ‘ನೀರುಬೂಷ್ಟು’ ಹೇಗೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮುಂಗಾರಿಗೆ ಮುಂಚೆ ಅಡಿಕೆ ಬೆಳೆಗಾರರಿಗೆ ಹಂಚುವ ಚಿಕ್ಕ ಕೈಪಿಡಿಯೊಂದರ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರ ಎರಡನೆಯ ಸಾಲು ಹೀಗಿದೆ: ‘ಕೊಳೆರೋಗವು ಫೈಟಾಫ್ತೊರ ಎಂಬ ಶಿಲೀಂಧ್ರದಿಂದ ಬರುತ್ತದೆ.’ ಕೃಷಿ ಲೇಖನಗಳಲ್ಲಿ ಈ ವಾಕ್ಯವನ್ನು ನೀವೂ ಓದಿರುತ್ತೀರಿ. ವ್ಯಾಕರಣದಲ್ಲಿ ಕುಂದಿಲ್ಲ. ಜೀವವಿಜ್ಞಾನದಲ್ಲಿ ಮಾತ್ರ ಅದು ಈಗ ನಿಲ್ಲುವುದಿಲ್ಲ, ಏಕೆಂದರೆ ಫೈಟಾಫ್ತೊರ ಶಿಲೀಂಧ್ರವೇ ಅಲ್ಲ. ಹಾಗಾದರೆ ಕನ್ನಡದಲ್ಲಿ ಅದನ್ನು ಏನೆಂದು ಕರೆಯಬೇಕು? ಪ್ರಶ್ನೆ ಇಷ್ಟೇ. ಇದನ್ನು ಕೇವಲ ಪಂಡಿತರ ತಕರಾರು ಎಂದು ತಳ್ಳಿಹಾಕಲು ಏಕೆ ಆಗುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅಣಬೆ, ಯೀಸ್ಟ್, ಹಳಸಿದ ಬ್ರೆಡ್ಡಿನ ಮೇಲಿನ ಬೂಷ್ಟು ಇವೆಲ್ಲ ಶಿಲೀಂಧ್ರಗಳು. ಅವುಗಳ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತದೆ. ಏಡಿ ಮತ್ತು ಜೀರುಂಡೆಯ ಕವಚದಲ್ಲಿ ಇರುವ ಪದಾರ್ಥವೇ ಅದು. ಫೈಟಾಫ್ತೊರದ ಕೋಶಭಿತ್ತಿಯಲ್ಲಿ ಇರುವುದು ಸೆಲ್ಯುಲೋಸ್ ಮತ್ತು ಗ್ಲೂಕನ್. ವಂಶದ ಜಾಡು ಹಿಡಿದು ಹೋದರೆ ಅದರ ದಾಯಾದಿಗಳು ಸಮುದ್ರದ ಕಂದು ಪಾಚಿ ಮತ್ತು ಡಯಾಟಮ್ ಎಂಬ ಒಂಟಿಕೋಶದ ಪಾಚಿಗಳು. ಅಣಬೆಗೆ ಫೈಟಾಫ್ತೊರಕ್ಕಿಂತ ಮನುಷ್ಯನೇ ಹತ್ತಿರದ ನೆಂಟ ಎಂದರೂ ತಪ್ಪಾಗದು. ಅದು ಹರಡುವ ಬಗೆಯೂ ಬೇರೆ: ಮಳೆನೀರಿನ ತೆಳುಪದರದಲ್ಲಿ ಎರಡು ಬಾಲ ಬಡಿಯುತ್ತಾ ಈಜುವ ಬೀಜಾಣುಗಳನ್ನು ಬಿಡುತ್ತದೆ. (ಈಜುವ ಬೀಜಾಣುಗಳು ನಿಜವಾದ ಶಿಲೀಂಧ್ರಗಳಲ್ಲೂ ಒಂದು ಪಂಗಡಕ್ಕೆ ಇವೆ, ಆದರೆ ಅವಕ್ಕೆ ಒಂದೇ ಬಾಲ.) ಈ ಗುಂಪಿನ ಶಾಸ್ತ್ರೀಯ ಹೆಸರು ಊಮೈಸೀಟ್.

ಹಿಂದಿನವರು ಇದನ್ನು ಶಿಲೀಂಧ್ರವೆಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ಕಣ್ಣಿಗೆ ಕಾಣುವುದು ಹಾಗೆಯೇ. ಕೊಳೆ ಬಿದ್ದ ಅಡಿಕೆಕಾಯಿಯ ತೊಟ್ಟಿನ ಬಳಿ ಮೊದಲು ನೀರು ಕುಡಿದಂಥ ಕಡುಹಸಿರು ಕಲೆ ಮೂಡುತ್ತದೆ, ಕಾಯಿ ಉದುರುತ್ತದೆ, ನೆಲಕ್ಕೆ ಬಿದ್ದ ಕಾಯಿಯ ಮೈತುಂಬ ಬೆಳ್ಳನೆಯ ಎಳೆಗಳು ಹತ್ತಿಯಂತೆ ಮುತ್ತಿಕೊಳ್ಳುತ್ತವೆ. ಅದನ್ನು ಕಂಡವರು ಯಾರಾದರೂ ಬೂಷ್ಟು ಎಂದೇ ಅನ್ನುತ್ತಾರೆ. ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ 1876ರಲ್ಲಿ ಫೈಟಾಫ್ತೊರ ಎಂಬ ಕುಲನಾಮ ಕೊಟ್ಟಾಗ ಅವನ ಮುಂದಿದ್ದದ್ದು 1845ರಿಂದ ಐರ್ಲೆಂಡನ್ನು ಹಸಿವಿಗೆ ನೂಕಿದ ಆಲೂಗಡ್ಡೆಯ ರೋಗ. ಗ್ರೀಕಿನಲ್ಲಿ ಆ ಹೆಸರಿಗೆ ಗಿಡಗಳ ನಾಶ ಎಂಬ ಅರ್ಥ. ಆ ಕಾಲದವರು ಇಂಥವನ್ನು ‘ಪಾಚಿಯಂಥ ಶಿಲೀಂಧ್ರ’ ಎಂಬ ಅರ್ಥದ ವರ್ಗಕ್ಕೆ ಸೇರಿಸಿದ್ದರು, ಅಂದರೆ ಅನುಮಾನದ ಎಳೆ ಆಗಲೇ ಇತ್ತು.

ನಮ್ಮ ನೆಲದ ಕಥೆಗೆ ಬರೋಣ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಶಿಲೀಂಧ್ರ ಮತ್ತು ಕೀಟ ಎರಡನ್ನೂ ನೋಡಿಕೊಳ್ಳುವ ಹುದ್ದೆ. 1910ರಲ್ಲಿ ಅಡಿಕೆಯ ಈ ರೋಗದ ಮೇಲೆ ಅವರು ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯಲ್ಲೇ ‘ಕೊಳೆರೋಗ’ ಇದೆ. ಅನುವಾದಿಸುವ ಗೋಜಿಗೆ ಹೋಗದೆ ತೋಟದವರು ಆಡಿದ ಮಾತನ್ನೇ ಎತ್ತಿಕೊಂಡರು. ರೋಗಾಣುವನ್ನು ಫೈಟಾಫ್ತೊರದ ಒಂದು ಬಗೆಯೆಂದು ಗುರುತಿಸಿ ಅರೆಕೆ ಎಂಬ ಉಪನಾಮವಿಟ್ಟರು. 1913ರಲ್ಲಿ ಪೆಥಿಬ್ರಿಜ್ ಎಂಬ ಸಸ್ಯರೋಗ ವಿಜ್ಞಾನಿ ಅದನ್ನೇ ಪ್ರತ್ಯೇಕ ಪ್ರಭೇದವಾಗಿಸಿದರು. ಮಲೆನಾಡಿನ ಕೊಳೆಯಲ್ಲಿ ಹೆಚ್ಚಾಗಿ ಸಿಗುವುದು ಮೀಡಿಯೈ ಎಂಬ ಇನ್ನೊಂದು ಪ್ರಭೇದ ಎಂದು ಅನಂತರದ ಅಧ್ಯಯನಗಳು ತೋರಿಸಿವೆ. ಲ್ಯಾಟಿನ್ ಹೆಸರು ಹೀಗೆ ಅಂಗಿ ಬದಲಿಸುತ್ತಲೇ ಇದೆ, ‘ಕೊಳೆ’ ಮಾತ್ರ ಕದಲಿಲ್ಲ.

ಕೋಲ್ಮನ್ ಬಳಕೆಗೆ ತಂದ ಮದ್ದು ಬೋರ್ಡೋ, ಅಂದರೆ ತಾಮ್ರದ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ್ದು. ಅದಕ್ಕೂ ಮುಂಚೆ ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲು ಮರ ಹತ್ತಿ ಅಡಿಕೆಯ ಕೊನೆಗಳಿಗೆ (ಗೊನೆಗಳಿಗೆ) ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ ಕಟ್ಟಿದರೂ ಹೇಳುವುದು ‘ಕೊಟ್ಟೆ ಕಟ್ಟುವುದು’ ಎಂದೇ. ಕೊಟ್ಟೆಯಲ್ಲಿ ಮದ್ದೇನೂ ಇಲ್ಲ. ಕಾಯಿಯ ಮೇಲೆ ನೀರು ನಿಲ್ಲದಂತೆ ಮಾಡುವುದಷ್ಟೇ ಅದರ ಕೆಲಸ, ನೀರಿಲ್ಲದಿದ್ದರೆ ಈಜುವ ಬೀಜಾಣುವಿಗೆ ದಾರಿಯಿಲ್ಲ. ಸೂಕ್ಷ್ಮದರ್ಶಕ ಕಾಣದವರು ರೋಗದ ಮರ್ಮವನ್ನು ನೀರಿನಲ್ಲೇ ಹಿಡಿದಿದ್ದರು ಎಂಬುದು ಪದ ಆಯುವಾಗಲೂ ನೆನಪಿನಲ್ಲಿರಬೇಕಾದ ಸಂಗತಿ.

ಇನ್ನು ಈ ಚರ್ಚೆ ಈಗೇಕೆ? ಬೋರ್ಡೋದ ತಾಮ್ರಕ್ಕೆ ಕುಲಗೋತ್ರದ ಹಂಗಿಲ್ಲ. ಶಿಲೀಂಧ್ರವಾಗಲಿ ಊಮೈಸೀಟಾಗಲಿ, ಬೀಜಾಣು ಮೊಳೆಯುವ ಹೊತ್ತಿಗೆ ಎರಡನ್ನೂ ತಡೆಯುತ್ತದೆ. ಮದ್ದು ಒಂದೇ ಆಗಿದ್ದಾಗ ಹೆಸರು ಯಾವುದಾದರೂ ನಡೆಯುತ್ತಿತ್ತು, ಪ್ರಶ್ನೆ ಬಹುಕಾಲ ಮಲಗಿಯೇ ಇತ್ತು. ಅದನ್ನು ಎಬ್ಬಿಸಿದ್ದು ಆಯ್ದ ಗುಂಪಿಗೆ ಮಾತ್ರ ನಾಟುವ ಹೊಸ ಔಷಧಿಗಳು. ಎಲೆಚುಕ್ಕೆ ರೋಗ ಮಲೆನಾಡಿನ ತೋಟಗಳಿಗೆ ಹಬ್ಬಿದ ಮೇಲೆ ಅನೇಕರ ಕೊಟ್ಟಿಗೆಯಲ್ಲಿ ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕದ ಬಾಟಲಿ ಇರುತ್ತದೆ. ಎಲೆಚುಕ್ಕೆ ತರುವವು ನಿಜವಾದ ಶಿಲೀಂಧ್ರಗಳು. ಅವು ತಮ್ಮ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ತಾವೇ ತಯಾರಿಸಿಕೊಳ್ಳುತ್ತವೆ; ಪ್ರೊಪಿಕೊನಜೋಲ್ ಆ ತಯಾರಿಯನ್ನೇ ತಡೆಯುತ್ತದೆ. ಫೈಟಾಫ್ತೊರ ಇಂಥ ಸ್ಟೆರಾಲನ್ನು ತಯಾರಿಸುವುದೇ ಇಲ್ಲ, ಗಿಡದಿಂದ ಕಸಿದುಕೊಳ್ಳುತ್ತದೆ. ಇಲ್ಲದ ಅಡುಗೆಮನೆಗೆ ಬೀಗ ಹಾಕಿ ಏನು ಬಂತು? ಇತ್ತ ಮೆಟಲಾಕ್ಸಿಲ್ ಎಂಬ ಔಷಧಿ ಊಮೈಸೀಟ್‌ಗಳಿಗೆ ನಾಟುತ್ತದೆ, ಎಲೆಚುಕ್ಕೆಯ ಶಿಲೀಂಧ್ರಕ್ಕೆ ನಾಟುವುದಿಲ್ಲ.

ನಮ್ಮ ನೆರೆಯ ತೋಟದವರೊಬ್ಬರು ಎಲೆಚುಕ್ಕೆಗೆ ತಂದು ಉಳಿದಿದ್ದ ಔಷಧಿಯನ್ನೇ ಕೊಳೆಗೂ ಹೊಡೆಸಿದರು. ಕಾಯಿ ಉದುರುವುದು ನಿಲ್ಲಲಿಲ್ಲ. ಇದನ್ನು ಅವರಿಗೆ ವಿವರಿಸಹೊರಟಾಗ ಅವರು ಹೇಳಿದ್ದು: ‘ಅಲ್ಲ ಮಾರಾಯರೇ, ರೋಗ ಬರುವುದು ಶಿಲೀಂಧ್ರದಿಂದ ಎಂದು ನೀವೇ ಬರೆಯುತ್ತೀರಿ. ಬಾಟಲಿಯ ಮೇಲೆ ಶಿಲೀಂಧ್ರನಾಶಕ ಎಂದಿದೆ. ನಾನು ಮತ್ತೇನು ಓದಬೇಕಿತ್ತು?’ ಅವರ ತರ್ಕದಲ್ಲಿ ಎಲ್ಲಿಯೂ ದೋಷವಿಲ್ಲ. ದೋಷ ನಾವು ಬರೆದು ಕೊಟ್ಟ ಪದದಲ್ಲಿದೆ.

ಆದ್ದರಿಂದ ಬೇರೊಂದು ಪದ ಬೇಕು. ಈವರೆಗೆ ನನಗೆ ಸೂಚನೆಯಾಗಿ ಬಂದವುಗಳ ಬಗ್ಗೆ ನನ್ನ ಅನಿಸಿಕೆ ಹೇಳುತ್ತೇನೆ. ‘ಶಿಲೀಂಧ್ರದಂಥ ಜೀವಿ’ ಎಂಬುದು ಶಾಸ್ತ್ರಕ್ಕೆ ಸರಿ, ಆದರೆ ಓದುವವರು ‘ದಂಥ’ವನ್ನು ನುಂಗಿ ಶಿಲೀಂಧ್ರವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ‘ಊಮೈಸೀಟ್’ ಎಂದೇ ಬಿಟ್ಟರೆ ಹಿಡಿದುಕೊಳ್ಳಲು ಹಿಡಿಯಿಲ್ಲ, ಕಾಗುಣಿತವೂ ಊ, ಓ, ಉ ಎಂದು ಮೂರು ದಾರಿ ಹಿಡಿಯುತ್ತದೆ. ಆ ಗ್ರೀಕ್ ಪದವನ್ನು ಬಿಡಿಸಿ ‘ಅಂಡಶಿಲೀಂಧ್ರ’ ಎಂದು ಮಾಡಿದರೆ ಹಳೆಯ ತಪ್ಪನ್ನೇ ಸಂಸ್ಕೃತದಲ್ಲಿ ಹೊತ್ತು ತಂದಂತಾಯಿತು. ‘ಜಲಶಿಲೀಂಧ್ರ’ಕ್ಕೂ ಅದೇ ಆಕ್ಷೇಪ.

ನನ್ನ ಒಲವು ‘ನೀರುಬೂಷ್ಟು’ ಎಂಬುದರ ಕಡೆಗೆ. ಬೂಷ್ಟು ಎಂಬುದು ಕಣ್ಣಿಗೆ ಕಾಣುವ ರೂಪದ ಹೆಸರು, ವಂಶದ ಹೆಸರಲ್ಲ. ಉಪ್ಪಿನಕಾಯಿಯ ಜಾಡಿಯಲ್ಲಾದರೂ ತೊಗಲಿನ ಚಪ್ಪಲಿಯ ಮೇಲಾದರೂ ಬಿಳಿಯಾಗಿ ನವಿರಾಗಿ ಹಬ್ಬಿದರೆ ಅದು ಬೂಷ್ಟು. ಯಾವ ಜೀವಿ ಎಂದು ಆ ಮಾತು ಸಾಕ್ಷಿ ಹೇಳುವುದಿಲ್ಲ. ಮುಂದೆ ‘ನೀರು’ ಸೇರಿದರೆ ಬೇರೆಯೇ ಜಾತಿ ಎಂದು ಸೂಚಿಸಿದಂತೆಯೂ ಆಯಿತು. ನೀರುಕಾಗೆ ಕಾಗೆಯಲ್ಲವೆಂದು ಕೆರೆಯ ದಂಡೆಯವರಿಗೆ ಗೊತ್ತು, ಆದರೂ ಆ ಹೆಸರು ಸಲೀಸಾಗಿ ನಡೆದಿದೆ. ವಿಭಕ್ತಿ ಪ್ರತ್ಯಯಗಳೂ ತೊಡರುವುದಿಲ್ಲ: ನೀರುಬೂಷ್ಟಿನಿಂದ, ನೀರುಬೂಷ್ಟಿಗೆ.

ಇದಕ್ಕೂ ಆಕ್ಷೇಪಗಳಿವೆ, ನಾನೇ ಹೇಳಿಬಿಡುತ್ತೇನೆ. ಬೂಷ್ಟು ಎಂದರೆ ಒರೆಸಿದರೆ ಹೋಗುವ ಹಗುರ ವಸ್ತು ಎಂಬ ಭಾವನೆಯಿದೆ. ತೋಟ ತೊಳೆದುಹಾಕುವ ರೋಗಕ್ಕೆ ಅದು ಸಪ್ಪೆಯಾದೀತು. ಬೂಷ್ಟು, ಬೂಸ್ಟು, ಬೂಜು ಎಂದು ಊರೂರಿಗೆ ರೂಪ ಬೇರೆ, ‘ಬೂಜು’ ಎಂದರೆ ಜೇಡರ ಬಲೆಯೆಂದುಕೊಳ್ಳುವ ಕಡೆಗಳೂ ಇವೆ. ಈ ಗುಂಪಿನ ಎಲ್ಲವೂ ನೀರಿನಲ್ಲಿ ಬಾಳುವಂಥವಲ್ಲ ಎಂದು ಸಸ್ಯಶಾಸ್ತ್ರದವರು ತಕ್ಷಣ ಎತ್ತಿ ತೋರಿಸುತ್ತಾರೆ. ಈ ಮೂರರಲ್ಲಿ ನನ್ನನ್ನು ನಿಜಕ್ಕೂ ಕಾಡುವುದು ಮೊದಲನೆಯದು ಮಾತ್ರ.

ರೋಗದ ಹೆಸರುಗಳನ್ನು ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಳುಮೆಣಸಿನ ಶೀಘ್ರ ಸೊರಗು ರೋಗ, ಶುಂಠಿಯ ಗಡ್ಡೆಕೊಳೆ, ಆಲೂಗಡ್ಡೆಗೆ ತಡವಾಗಿ ಬರುವ ಅಂಗಮಾರಿ, ಮೆಕ್ಕೆಜೋಳದ ಕೇದಿಗೆ ರೋಗ, ದ್ರಾಕ್ಷಿಯ ಡೌನಿ ರೋಗ ಇವೆಲ್ಲದರ ಹಿಂದೆ ಇದೇ ಗುಂಪಿನ ಜೀವಿಗಳಿವೆ. ಆದರೆ ಆಲೂಗಡ್ಡೆಗೆ ಬೇಗ ಬರುವ ಅಂಗಮಾರಿ ನಿಜವಾದ ಶಿಲೀಂಧ್ರದ ಕೆಲಸ, ದ್ರಾಕ್ಷಿಯ ಬೂದಿರೋಗವೂ ಅಷ್ಟೇ. ರೈತರು ಲಕ್ಷಣ ನೋಡಿ ಹೆಸರಿಡುತ್ತಾರೆ. ಬಿಳಿಚಿಹೋದ ಎಲೆ ಕೇದಿಗೆಯ ಬಣ್ಣಕ್ಕೆ ತಿರುಗಿದರೆ ಅದು ಕೇದಿಗೆ ರೋಗ. ಅದರಲ್ಲಿ ಜೀವಿಯ ವರ್ಗೀಕರಣವನ್ನು ಹುಡುಕುವುದು ನಮ್ಮ ತಪ್ಪು.

‘ಕೊಳೆ’ಗೇ ಇಂಥದೊಂದು ಸೊಗಸಾದ ಉದಾಹರಣೆಯಿದೆ. ಕಾಫಿಗೂ ಕೊಳೆರೋಗ ಬರುತ್ತದೆ. ಕಪ್ಪಾದ ಎಲೆ ರೆಂಬೆಯಿಂದ ಕಳಚಿದರೂ ನೆಲಕ್ಕೆ ಬೀಳದೆ, ಬೂಷ್ಟಿನ ಎಳೆಯಿಂದ ಜೋತುಬಿದ್ದು ಗಾಳಿಗೆ ತೂಗುತ್ತಿರುತ್ತದೆ. ಮೈಸೂರು ಸೀಮೆಯಿಂದ ಹೋದ ಮಾದರಿಗಳನ್ನು ನೋಡಿ ಇಂಗ್ಲೆಂಡಿನ ಕುಕ್ ಎಂಬ ವಿಜ್ಞಾನಿ 1876ರಲ್ಲಿ, ಡಿ ಬಾರಿ ಫೈಟಾಫ್ತೊರ ಹೆಸರಿಟ್ಟ ವರ್ಷವೇ, ಅದಕ್ಕೆ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟ. 1958ರಲ್ಲಿ ಡಾಂಕ್ ಎಂಬ ಶಿಲೀಂಧ್ರ ವಿಜ್ಞಾನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕುಲನಾಮವನ್ನೇ ಕೊಳೆರೋಗ ಎಂದು ಮಾಡಿದ: ಕೊಳೆರೋಗ ನಾಕ್ಸಿಯ. ಇದು ಅಪ್ಪಟ ಶಿಲೀಂಧ್ರ. ಅಂದರೆ ಶಾಸ್ತ್ರದ ಪುಸ್ತಕದಲ್ಲಿ ನಮ್ಮ ಪದ ಶಿಲೀಂಧ್ರವೊಂದರ ಹೆಸರಾಗಿ ಕುಳಿತಿದೆ, ಅಡಿಕೆ ತೋಟದಲ್ಲಿ ಶಿಲೀಂಧ್ರವಲ್ಲದ್ದು ತರುವ ರೋಗದ ಹೆಸರಾಗಿ ಓಡಾಡುತ್ತಿದೆ. ಕಾಫಿಯೂ ಅಡಿಕೆಯೂ ಒಂದೇ ತೋಟದಲ್ಲಿರುವ ಕಡೆ ಇದರಿಂದ ಯಾರಿಗೂ ಗೊಂದಲವಾದದ್ದನ್ನು ನಾನು ಕಾಣೆ. ಮುಂದೆ ‘ಕಾಫಿಗೆ’ ಅಥವಾ ‘ಅಡಿಕೆಗೆ’ ಎಂದರೆ ಮುಗಿಯಿತು.

ಕೈಪಿಡಿಯಲ್ಲಿ ಇನ್ನೊಂದು ಸಣ್ಣ ಪದವೂ ಚುಚ್ಚುತ್ತಿದೆ: ‘ಬೋರ್ಡೋ ದ್ರಾವಣ’. 50 ಲೀಟರ್ ನೀರಿನಲ್ಲಿ 1 ಕೆ.ಜಿ. ಮೈಲುತುತ್ತು, ಇನ್ನು 50 ಲೀಟರಿನಲ್ಲಿ 1 ಕೆ.ಜಿ. ಸುಣ್ಣ ಕದಡಿ ಬೆರೆಸಿದರೆ ಶೇಕಡಾ 1ರ ಬೋರ್ಡೋ ಸಿದ್ಧ. ಮೈಲುತುತ್ತಿನ ನೀರು ದ್ರಾವಣ, ನಿಜ. ಸುಣ್ಣ ಸೇರಿದ ಕೂಡಲೇ ತಿಳಿನೀಲಿಯ ಗಸಿ ಒಡೆಯುತ್ತದೆ, ಡ್ರಮ್ಮನ್ನು ಕಲಕದೆ ಬಿಟ್ಟರೆ ತಳಕ್ಕೆ ಕೂರುತ್ತದೆ. ಆಮೇಲೆ ಅದು ದ್ರಾವಣ ಹೇಗಾದೀತು? ಹದ ನೋಡಲು ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ; ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ತೋಟದಲ್ಲಿ ಬರೀ ‘ಬೋರ್ಡೋ’ ಎನ್ನುತ್ತಾರೆ, ನಾನೂ ಅಷ್ಟಕ್ಕೇ ನಿಲ್ಲಿಸಿದ್ದೇನೆ. ‘ಮಿಶ್ರಣ’ ಬೇಕೇಬೇಕೆನ್ನುವವರೊಡನೆ ಜಗಳವಿಲ್ಲ.

ಸದ್ಯಕ್ಕೆ ತಿದ್ದಿಟ್ಟ ವಾಕ್ಯ ಹೀಗಿದೆ: ‘ಕೊಳೆರೋಗ ತರುವುದು ಫೈಟಾಫ್ತೊರ ಎಂಬ ನೀರುಬೂಷ್ಟು. ಇದು ಶಿಲೀಂಧ್ರವಲ್ಲ. ಎಲೆಚುಕ್ಕೆಗೆಂದು ತಂದ ಪ್ರೊಪಿಕೊನಜೋಲ್ ಇದಕ್ಕೆ ನಾಟುವುದಿಲ್ಲ.’

ಬಲ್ಲವರಲ್ಲಿ ನನ್ನ ಕೇಳಿಕೆ ಇದು. ಬಿದ್ದ ಕಾಯಿಯ ಮೇಲೆ ಮುತ್ತುವ ಆ ಬಿಳಿ ಎಳೆಗೆ ನಿಮ್ಮ ಸೀಮೆಯಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ, ಬೆಳೆ ಯಾವುದು, ತಾಲ್ಲೂಕು ಯಾವುದು ಎಂಬುದನ್ನೂ ಬರೆಯಿರಿ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಡೆಯವರು ರೋಗಕ್ಕೆ ‘ಮಹಾಳಿ’ ಎಂದೂ ಹೇಳುವುದುಂಟು. ಆ ಮಾತು ರೋಗಕ್ಕಷ್ಟೇ ಸಲ್ಲುತ್ತದೆಯೋ ಬೂಷ್ಟಿಗೂ ಸಲ್ಲುತ್ತದೆಯೋ? ಹಾಸನದ ಆಲೂಗಡ್ಡೆಯವರು, ವಿಜಯಪುರದ ದ್ರಾಕ್ಷಿಯವರು ಎಲೆಯ ಅಡಿಯಲ್ಲಿ ಕಾಣುವ ಬಿಳುಪಿಗೆ ಏನೆನ್ನುತ್ತಾರೆ? ‘ನೀರುಬೂಷ್ಟು’ ಹಗುರವಾಯಿತು ಎನ್ನುವವರು ಅದಕ್ಕಿಂತ ಗಟ್ಟಿಯಾದದ್ದೊಂದನ್ನು ಕೊಟ್ಟರೆ ಸಂತೋಷದಿಂದ ಬದಲಿಸುತ್ತೇನೆ. ಮೃಗಶಿರ ಮಳೆ ಹಿಡಿಯುವ ಮೊದಲು ಕೈಪಿಡಿ ಅಚ್ಚಿಗೆ ಹೋಗಬೇಕು.