ಚಂದ್ರನ ಮೇಲೆ ಮನುಷ್ಯರಿದ್ದಾಗ ಉಡುಪಿಯಲ್ಲಿ ಚಂದ್ರ ಕಾಣುತ್ತಿದ್ದನೇ?

ಪ್ರಶ್ನೆ – ಕಡಲತಡಿ, ಕಾಪು

ಎಂಬತ್ತು ದಾಟಿದ ನಮ್ಮ ಅಜ್ಜಿ, ಮನುಷ್ಯರು ಮೊದಲ ಬಾರಿ ಚಂದ್ರನ ಮೇಲೆ ಇಳಿದಾಗ ಆಟಿಯ ಮಳೆ ತುಸು ಬಿಟ್ಟ ಹೊತ್ತಿನಲ್ಲಿ ಮನೆಯವರೆಲ್ಲ ಅಂಗಳಕ್ಕೆ ಬಂದು, ‘ಈಗ ಅಲ್ಲಿ ಜನ ಇದ್ದಾರೆ’ ಎನ್ನುತ್ತ ಚಂದ್ರನನ್ನು ನೋಡಿದ್ದನ್ನು ಇಂದಿಗೂ ನೆನೆಯುತ್ತಾರೆ. ಮರುದಿನ ಉದಯವಾಣಿಯಲ್ಲಿ ಅದರ ಚಿತ್ರ ಬಂದಿತ್ತೆಂದೂ ಹೇಳುತ್ತಾರೆ. ಆದರೆ ಅವರು ಇಳಿದ ಗಳಿಗೆಯಲ್ಲಿ ಚಂದ್ರ ನಮ್ಮ ಆಕಾಶದಲ್ಲಿ ಇರಲೇ ಇಲ್ಲ, ಆದ್ದರಿಂದ ಇದೆಲ್ಲ ಕಟ್ಟುಕತೆ ಎಂಬುದು ನನ್ನ ತಮ್ಮನ ವಾದ. ತಿಳಿದವರು ದಯವಿಟ್ಟು ಬಗೆಹರಿಸಬೇಕು.

ಉತ್ತರ 1 – ನಿವೃತ್ತ ಅಧ್ಯಾಪಕ, ಮಂಗಳೂರು

ತಮ್ಮನವರು ಹೇಳಿದ್ದು ಆ ಗಳಿಗೆಯ ಮಟ್ಟಿಗೆ ಸರಿ. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇದ್ದ ‘ಈಗಲ್’ ನೌಕೆ ಚಂದ್ರನ ನೆಲ ಮುಟ್ಟಿದ್ದು 1969ರ ಜುಲೈ 20 ಎಂದು ಅಮೆರಿಕದವರು ಬರೆದರೂ, ನಮ್ಮ ಗಡಿಯಾರದಲ್ಲಿ ಅದು ಜುಲೈ 21ರ ನಸುಕಿನ 1.47. ಶುಕ್ಲಪಕ್ಷದ ಆ ಎಳೆಯ ಚಂದ್ರ ಅಷ್ಟರಲ್ಲೇ ಅರಬ್ಬೀ ಸಮುದ್ರದಲ್ಲಿ ಮುಳುಗಿದ್ದ. ಆರ್ಮ್‌ಸ್ಟ್ರಾಂಗ್ ಮೊದಲ ಹೆಜ್ಜೆ ಇಟ್ಟಾಗ ನಮ್ಮಲ್ಲಿ ಸೋಮವಾರ ಬೆಳಿಗ್ಗೆ 8.26, ಆಗಲೂ ಚಂದ್ರ ದಿಗಂತದ ಕೆಳಗೇ ಇದ್ದ. ಆ ದೃಶ್ಯದ ಸಂಕೇತಗಳನ್ನು ಆಸ್ಟ್ರೇಲಿಯದ ಆಂಟೆನಾಗಳು ಹಿಡಿದವು, ಏಕೆಂದರೆ ಅಲ್ಲಿ ಆಗ ಚಂದ್ರ ಮೇಲಿದ್ದ.

ಇನ್ನು ಉದಯವಾಣಿ ಆರಂಭವಾದದ್ದೇ 1970ರ ಜನವರಿ 1ರಂದು. ಅಜ್ಜಿ ನೋಡಿದ್ದು ಬೇರೆ ಪತ್ರಿಕೆಯನ್ನು ಇರಬೇಕು, ಅಥವಾ ಚಂದ್ರಯಾನದ ಮುಂದಿನ ಯಾವುದೋ ಸುದ್ದಿಯನ್ನು.

ಉತ್ತರ 2 – ತಾರಾವೀಕ್ಷಕ, ಮಣಿಪಾಲ

ಅಧ್ಯಾಪಕರ ಲೆಕ್ಕ ಸರಿಯಾಗಿದೆ, ಆದರೆ ಅದನ್ನು ಬೆಳಿಗ್ಗೆಗೇ ನಿಲ್ಲಿಸಿಬಿಟ್ಟಿದ್ದಾರೆ. ಅವರಿಬ್ಬರು ಹೊರಗೆ ನಡೆದಾಡಿದ್ದು ಸುಮಾರು ಎರಡೂವರೆ ಗಂಟೆ ಮಾತ್ರವಾದರೂ, ಚಂದ್ರನ ನೆಲದ ಮೇಲೆ ಒಟ್ಟು ಇಪ್ಪತ್ತೊಂದೂವರೆ ಗಂಟೆಗೂ ಹೆಚ್ಚು ಹೊತ್ತು ಇದ್ದರು. ಅಲ್ಲಿಂದ ಮೇಲೆದ್ದದ್ದು ನಮ್ಮ ಲೆಕ್ಕದಲ್ಲಿ ಜುಲೈ 21ರ ರಾತ್ರಿ 11.24ಕ್ಕೆ. ಆ ಸಂಜೆ ಸೂರ್ಯ ಮುಳುಗುವಾಗ ಉಡುಪಿಯಲ್ಲಿ ಚಂದ್ರ ಆಕಾಶದಲ್ಲಿ ಸಾಕಷ್ಟು ಎತ್ತರದಲ್ಲಿದ್ದು, ಮಧ್ಯರಾತ್ರಿಯ ಹತ್ತಿರ ಅಸ್ತವಾಗಬೇಕಿತ್ತು. ಹಾಗಾಗಿ ಮೋಡ ಸರಿದಿದ್ದರೆ, ಸೋಮವಾರ ಸಂಜೆಯಿಂದ 11.24ರವರೆಗೆ ನಮ್ಮ ಅಂಗಳಗಳಿಂದ ಕಂಡ ಚಂದ್ರನ ಮೇಲೆ ನಿಜವಾಗಿಯೂ ಇಬ್ಬರು ಮನುಷ್ಯರಿದ್ದರು, ಮೂರನೆಯವರಾದ ಕಾಲಿನ್ಸ್ ಅದನ್ನು ಸುತ್ತುತ್ತಿದ್ದರು. ಈ ಲೆಕ್ಕ ಹಾಕಿದಾಗ ನನಗೇ ರೋಮಾಂಚನವಾಯಿತು.

ಅಜ್ಜಿಯನ್ನು ಒಂದು ಮಾತು ಕೇಳಿ: ಚಂದ್ರ ಹೇಗಿದ್ದ? ಅಂದು ಅವನು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಬೆಳಗಿದ್ದ. ಅದು ಆಕಸ್ಮಿಕವೂ ಅಲ್ಲ. ಇಳಿಯುವ ಜಾಗವಾದ, ಚಂದ್ರನ ಮೇಲಿನ ‘ಪ್ರಶಾಂತ ಸಾಗರ’ ಎಂಬ ಬಯಲಿನಲ್ಲಿ ಆಗಷ್ಟೇ ಬೆಳಗಾಗಿ ಬಿಸಿಲು ಓರೆಯಾಗಿ ಬೀಳುತ್ತಿದ್ದರೆ ಮಾತ್ರ ನೆರಳುಗಳು ಉದ್ದವಾಗಿ, ಬಂಡೆ ಮತ್ತು ಕುಳಿಗಳು ಎದ್ದು ಕಾಣುತ್ತವೆ. ಅದಕ್ಕಾಗಿಯೇ ಆ ದಿನಗಳನ್ನು ಆರಿಸಲಾಗಿತ್ತು. ಹಾಗಿದ್ದರೂ ಇಳಿಯಬೇಕಾದಲ್ಲಿ ಬಂಡೆಗಳು ಕಂಡದ್ದರಿಂದ ಆರ್ಮ್‌ಸ್ಟ್ರಾಂಗ್ ನೌಕೆಯನ್ನು ಕೈಯಾರೆ ನಡೆಸಿ ಮುಂದೆ ಒಯ್ದರು.

ಉತ್ತರ 3 – ಕುಂದಾಪುರದಿಂದ

ಆಗ ನಮ್ಮ ಜಿಲ್ಲೆಯಲ್ಲಿ ಟಿವಿ ಇರಲಿಲ್ಲ. ದೇಶದಲ್ಲಿ ಅದು ಇದ್ದದ್ದು ದೆಹಲಿಯಲ್ಲಿ ಮಾತ್ರ. ಮಂಗಳೂರು ಆಕಾಶವಾಣಿ ಕೂಡ ಬಂದದ್ದು 1976ರಲ್ಲಿ. ಹಾಗಾಗಿ ದೂರದ ಕೇಂದ್ರದ ರೇಡಿಯೋ ವಾರ್ತೆಯನ್ನು ಬೆಳಿಗ್ಗೆಯೋ ಮಧ್ಯಾಹ್ನವೋ ಕೇಳಿ, ಸಂಜೆ ಅಂಗಳಕ್ಕೆ ಬಂದು ನೋಡಿದ್ದು ಸಹಜವಾಗಿಯೇ ಇದೆ.

ಪ್ರಶ್ನೆ ಕೇಳಿದವರು – ಕಡಲತಡಿ, ಕಾಪು

ಎಲ್ಲರಿಗೂ ಧನ್ಯವಾದಗಳು. ಅಜ್ಜಿಯನ್ನು ಕೇಳಿದೆ. ಸುದ್ದಿ ನೆರೆಮನೆಯ ರೇಡಿಯೋದಿಂದ ಬಂತೆಂಬುದು ಅವರಿಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಚಂದ್ರ ಮಾತ್ರ ದೋಸೆಯ ಹಾಗೆ ದುಂಡಗಿದ್ದನಂತೆ! ಪಂಚಾಂಗ ನೋಡಿದರೆ ಹುಣ್ಣಿಮೆ ಜುಲೈ 29ಕ್ಕೆ; ಅಷ್ಟರಲ್ಲಿ ಮೂವರೂ ಭೂಮಿಗೆ ಮರಳಿ ಐದು ದಿನಗಳಾಗಿದ್ದವು. ತಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ.