ಚಂಡೀಗಢದಲ್ಲಿ ವಸ್ತುಸಂಗ್ರಹಾಲಯಗಳಿಗೆ ಎಷ್ಟು ಹೊತ್ತು ಮೀಸಲಿಡಬೇಕು?

ಪ್ರಶ್ನೆ – ನಿವೃತ್ತ ಅಧ್ಯಾಪಕ, ಬದಿಯಡ್ಕ

ಮಗಳ ಸಂಸಾರ ಮೊಹಾಲಿಯಲ್ಲಿರುವುದರಿಂದ ಡಿಸೆಂಬರಿನಲ್ಲಿ ನಾನೂ ಮನೆಯವರೂ ಅಲ್ಲಿಗೆ ಹೋಗುವವರಿದ್ದೇವೆ. ಪಕ್ಕದ ಚಂಡೀಗಢವನ್ನು ನೋಡಬೇಕೆಂದಾಗ, ಅಲ್ಲಿ ಬೇಕಲದಂಥ ಕೋಟೆಯೂ ಇಲ್ಲ, ಹಳೆಯ ದೇವಸ್ಥಾನಗಳೂ ಇಲ್ಲ, ಸೀದಾ ಶಿಮ್ಲಾಕ್ಕೆ ಹೋಗಿ ಎಂದೇ ಹೆಚ್ಚಿನವರು ಹೇಳುತ್ತಾರೆ. ನನಗೆ ಇತಿಹಾಸದಲ್ಲಿ ಆಸಕ್ತಿ. ಮನೆಯವರಿಗೆ ಮೊಣಕಾಲು ನೋವು, ಹೆಚ್ಚು ನಡೆಯಲಾಗದು. ಎರಡು ದಿನಗಳಿಗೆ ಸಾಕಾಗುವಷ್ಟು ನೋಡುವಂಥದ್ದು ಅಲ್ಲಿದೆಯೇ?

ಉತ್ತರ – ಮಂಜೇಶ್ವರದಿಂದ

ಮಾಷ್ಟ್ರೇ, ಶಿಮ್ಲಾ ಎಲ್ಲಿಗೂ ಹೋಗುವುದಿಲ್ಲ. ಮೊದಲ ದಿನದ ಬೆಳಗ್ಗೆಯನ್ನು ಇಡಿಯಾಗಿ ಸೆಕ್ಟರ್ 10ರ ಸರ್ಕಾರಿ ವಸ್ತುಸಂಗ್ರಹಾಲಯಕ್ಕೇ ಇಟ್ಟುಕೊಳ್ಳಿ. ನಗರ ಹೊಸದಾದರೂ ಅದರೊಳಗಿನ ಸಂಗ್ರಹ ಹಾಗಲ್ಲ. ದೇಶವಿಭಜನೆಯಾದಾಗ ಲಾಹೋರ್ ವಸ್ತುಸಂಗ್ರಹಾಲಯದ ಸ್ವತ್ತನ್ನೂ ಪಾಕಿಸ್ತಾನಕ್ಕೆ 60, ಭಾರತಕ್ಕೆ 40ರಂತೆ ಪಾಲು ಮಾಡಲಾಯಿತು. ಭಾರತಕ್ಕೆ ಬಂದ ಪಾಲು ಅಮೃತಸರ, ಶಿಮ್ಲಾ, ಪಟಿಯಾಲಾ ಎಂದು ಊರೂರು ಅಲೆದು, ಚಂಡೀಗಢ ನಗರವನ್ನೇ ಯೋಜಿಸಿದ ವಾಸ್ತುಶಿಲ್ಪಿ ಲೆ ಕಾರ್ಬುಸಿಯೇ ವಿನ್ಯಾಸಗೊಳಿಸಿದ ಈ ಕಟ್ಟಡ 1968ರಲ್ಲಿ ತೆರೆದ ಮೇಲೆ ಇಲ್ಲಿ ನೆಲೆ ಕಂಡಿತು.

ಆ ಪಾಲಿನಲ್ಲಿ ಬಂದ, ಪ್ರಾಚೀನ ವಾಯವ್ಯ ಭಾರತದ ಗಾಂಧಾರ ಪ್ರದೇಶದ ಬೌದ್ಧ ಶಿಲ್ಪಗಳೇ ಇಲ್ಲಿನ ಮುಖ್ಯ ಆಕರ್ಷಣೆ. ಬೂದು ಬಣ್ಣದ ಪದರುಗಲ್ಲಿನಲ್ಲಿ ಕಡೆದ ಬೋಧಿಸತ್ವನಿಗೆ ಚೆನ್ನಾಗಿ ತಿರುವಿದ ಮೀಸೆಯಿದೆ, ಕೊರಳಲ್ಲಿ ಹಾರಗಳಿವೆ. ಮೈಮೇಲಿನ ಬಟ್ಟೆ ಗ್ರೀಕ್ ಶಿಲ್ಪಗಳಲ್ಲಿ ಕಾಣುವಂತೆ ನೆರಿಗೆ ನೆರಿಗೆಯಾಗಿ ಇಳಿದಿದೆ. ಮುಖವನ್ನಷ್ಟೇ ನೋಡಿ ಮುಂದಕ್ಕೆ ಹೋಗದೆ, ತುಸು ಬಗ್ಗಿ ಪಾದರಕ್ಷೆಯ ಪಟ್ಟಿಗಳಲ್ಲಿ ಶಿಲ್ಪಿ ಮಾಡಿರುವ ಕುಸುರಿಯನ್ನೂ ನೋಡಬೇಕು. ಹಿಮಾಲಯದ ತಪ್ಪಲಿನ ಪಹಾಡಿ ಶೈಲಿಯ ಚಿಕಣಿ ವರ್ಣಚಿತ್ರಗಳಿಗೂ ಈ ಸಂಗ್ರಹಾಲಯ ಹೆಸರುವಾಸಿ. ಗುಲೇರಿನ ಚಿತ್ರಕಾರ ಮಾನಕು 1730ರಲ್ಲಿ ರಚಿಸಿದ ಗೀತಗೋವಿಂದ ಮಾಲಿಕೆಯ ಚಿತ್ರಗಳು ಇಲ್ಲಿವೆ. ಅದೇ ಆವರಣದಲ್ಲಿ ನಗರದ ವಾಸ್ತುಶಿಲ್ಪ ಸಂಗ್ರಹಾಲಯವೂ ಇರುವುದರಿಂದ ನಡಿಗೆ ಕಡಿಮೆ. ಸೋಮವಾರ ರಜೆ.

ಉತ್ತರ – ಮುಳ್ಳೇರಿಯದ ಸಿವಿಲ್ ಎಂಜಿನಿಯರ್

ಮೇಲಿನವರ ಮಾತು ಸರಿ, ಆದರೆ ಆ ನಗರವೇ ಒಂದು ಪ್ರದರ್ಶನ ಎಂಬುದನ್ನು ಅವರು ಬಿಟ್ಟರು. ವಿಧಾನಸಭೆ, ಹೈಕೋರ್ಟು, ಸಚಿವಾಲಯಗಳಿರುವ ಕ್ಯಾಪಿಟಲ್ ಕಾಂಪ್ಲೆಕ್ಸ್ 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಗುರುತಿನ ಚೀಟಿ ತೋರಿಸಿ ಹೆಸರು ಬರೆಸಿದರೆ, ನಿಗದಿತ ಹೊತ್ತಿಗೆ ಮಾರ್ಗದರ್ಶಕರೊಂದಿಗೆ ಒಳಗೆ ಬಿಡುತ್ತಾರೆ. ಗಡಿನಾಡಿನವರಾದ ನಮಗೆ ಇಲ್ಲೊಂದು ಕುತೂಹಲವಿದೆ: ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು; ಸರಿಯಾಗಿ ಹತ್ತು ವರ್ಷಗಳ ಬಳಿಕ ಅದೇ ತಾರೀಕಿನಂದು ಪಂಜಾಬಿನಿಂದ ಹರಿಯಾಣ ಬೇರೆಯಾಯಿತು. ಕೇಂದ್ರಾಡಳಿತದ ಚಂಡೀಗಢ ಎರಡಕ್ಕೂ ರಾಜಧಾನಿಯಾಗಿ ಉಳಿದು, ಒಂದೇ ಕಟ್ಟಡದಲ್ಲಿ ಎರಡು ವಿಧಾನಸಭೆಗಳು ಇಂದಿಗೂ ನಡೆಯುತ್ತಿವೆ. ಗಾಳಿಗೆ ತಿರುಗುವ 26 ಮೀಟರ್ ಎತ್ತರದ ‘ತೆರೆದ ಹಸ್ತ’ ಸ್ಮಾರಕವೂ ಅಲ್ಲೇ ಇದೆ. ಬಿಸಿಲಿಗೆ ತೆರೆದ ಆ ಕಾಂಕ್ರೀಟ್ ಅಂಗಳ ವಿಪರೀತ ದೊಡ್ಡದಾಗಿರುವುದರಿಂದ, ಮನೆಯವರನ್ನು ಅಲ್ಲಿ ನಡೆಸುವ ಮೊದಲು ಎರಡು ಸಲ ಯೋಚಿಸಿ.

ರಾಕ್ ಗಾರ್ಡನ್ ಸಮೀಪದಲ್ಲೇ ಇದೆ. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್, ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಸರ್ಕಾರಿ ಜಾಗದಲ್ಲಿ ವರ್ಷಗಟ್ಟಲೆ ಗುಟ್ಟಾಗಿ ಕಟ್ಟಿದ ತೋಟವದು. 1976ರಲ್ಲಿ ಜನರಿಗೆ ತೆರೆಯಿತು. ಅಳತೆಗೋಲು ಹಿಡಿದು ಕಟ್ಟಿದ ನಗರದ ಮಗ್ಗುಲಲ್ಲೇ ಇಂಥದ್ದು ಬೆಳೆದದ್ದನ್ನು ಕಂಡಾಗ, ಎಂಜಿನಿಯರನಾದ ನನಗೂ ನೇಕ್ ಚಂದನ ಕಡೆಗೇ ಮನಸ್ಸು ವಾಲುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ರಾಕ್ ಗಾರ್ಡನ್ನಿನಲ್ಲಿ ಮೆಟ್ಟಿಲುಗಳು ಹೆಚ್ಚೇ? ರೈಲಿನ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ – ಕುಂಬಳೆಯ ಗೃಹಿಣಿ

ಮೆಟ್ಟಿಲುಗಳೂ ಬಗ್ಗಿ ದಾಟಬೇಕಾದ ತಗ್ಗು ಬಾಗಿಲುಗಳೂ ಅಲ್ಲಿವೆ. ನೀವು ತೋಟ ನೋಡಿಬರುವಷ್ಟು ಹೊತ್ತು ಅಕ್ಕ ಹತ್ತಿರದ ಸುಖನಾ ಕೆರೆಯ ದಂಡೆಯಲ್ಲಿ ಕುಳಿತಿರಬಹುದು. ಸಮತಟ್ಟಾದ ಒಳ್ಳೆಯ ದಾರಿ, ವಾಹನಗಳ ಕಾಟವಿಲ್ಲ. ಕೊಂಕಣ ಮಾರ್ಗವಾಗಿ ಕೇರಳ ಸಂಪರ್ಕ ಕ್ರಾಂತಿ ರೈಲಿದೆ. ನಿಮಗೆ ಹತ್ತಿರದ ನಿಲುಗಡೆಯನ್ನು ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿ. ಡಿಸೆಂಬರಿನ ಕೊನೆಗೆ ಮಂಜು ಕವಿದು ಉತ್ತರದ ರೈಲುಗಳು ಗಂಟೆಗಟ್ಟಲೆ ತಡವಾಗುವುದರಿಂದ, ತಲುಪಿದ ದಿನವೇ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ನಮ್ಮೂರಿನ ಸ್ವೆಟರು ಆ ಚಳಿಗೆ ಸಾಲದು.